ಹತ್ತೊಂಬತ್ತು ಕಿಲೋ ನಿಂಬೆಕಾಯಿಯ ಬಿಗಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಎಲ್ಲ ಕಡೆ ಶ್ರೀಶೈಲ ಮಿಸ್ತ್ರಿಯಾದ ನಾನು ಬಿಗಿದ ನಟ್ಟು ಬಿಚ್ಚಲು ಭೂಕಂಪವೇ ಆಗಬೇಕು. ಆದರೂ ಸಾಲೋಟಗಿಯ ರೇವವ್ವನ ನಿಂಬೆ ತೋಟದಲ್ಲಿ, ಒಂದು ಮಧ್ಯಾಹ್ನ, ಅವಳ ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಬೋಲ್ಟು ನನ್ನ ಕೈಯಲ್ಲೇ ಮುರಿಯಿತು.

ತಪ್ಪು ನನ್ನದಲ್ಲ, ನನ್ನ ತೋಳಿನದು. ಟ್ರ್ಯಾಕ್ಟರಿನ ಪುಸ್ತಕದಲ್ಲಿ ಬಿಗಿಯ ಅಳತೆ ಇಪ್ಪತ್ತು ಎಂದಿತ್ತು. ಬಿಗಿ ಅಳೆಯುವ ಹೊಸ ಪಾನಾವನ್ನು ಇಪ್ಪತ್ತಕ್ಕೆ ಇಟ್ಟು ಎಳೆದರೆ ಅದು ಆಗಲೇ, ಬಿಗಿ ಸಾಕೆಂದು, ಟಕ್ ಎಂದಿತು. ನಟ್ಟು ಇನ್ನೂ ಸಡಿಲ. ಸಿಟ್ಟಿನಿಂದ ಬಿಸಾಡಿದೆ, ಕಲ್ಲಿಗೆ ಬಡಿದು ಕೆಟ್ಟಿತು. ಹಳೆಯ ಪಾನಾಕ್ಕೆ ಪೈಪು ಸಿಕ್ಕಿಸಿ ಹನ್ನೆರಡು ಎತ್ತಿನ ಬಲ ಹಾಕಿದೆ. ಅಷ್ಟೇ.

ಬದಲಿ ಬೋಲ್ಟು ಇದ್ದದ್ದು ಒಂದೇ. ಅದನ್ನು ಕೂಡಿಸಿದೆ. ಇದೂ ಮುರಿದರೆ ಇನ್ನು ಮೇಲೆ ತಾಳಿಕೋಟೆಯ ಮಿಸ್ತ್ರಿಯನ್ನೇ ಕರೆಸುವೆನೆಂದು ರೇವವ್ವ ತಣ್ಣಗೆ ಹೇಳಿದಳು. ನನ್ನ ಹೆಸರೇ ಮಣ್ಣುಪಾಲು!

ಆಮೇಲೆ ಕನ್ನಡಕ ಏರಿಸಿ ಪುಸ್ತಕವನ್ನು ತಾನೇ ಓದಿದಳು.

"ಇಪ್ಪತ್ತರ ಮುಂದ ಕಿಲೋಗ್ರಾಂ-ಮೀಟರ್ ಅಂತ ಐತಿ. ನಿನ್ನ ಪಾನಾದ ಮ್ಯಾಲ ನ್ಯೂಟನ್-ಮೀಟರ್ ಐತಿ."

"ಎರಡೂ ಒಂದ ಅಲ್ಲೇನ್ರಿ ಅವ್ವಾರ?"

"ಸೇರು, ಕಿಲೋ ಒಂದ ಏನ್ಪಾ? ಹತ್ತು ನ್ಯೂಟನ್ ಕೂಡಿದ್ರ ಒಂದು ಕಿಲೋ ಭಾರ."

ಅಂದರೆ ಪಾನಾ ಎರಡು ಕಿಲೋ ಭಾರಕ್ಕೇ ನಿಂತಿತ್ತು. ಬೇಕಾದದ್ದು ಮೀಟರ್ ದೂರದಲ್ಲಿ ಇಪ್ಪತ್ತು ಕಿಲೋ. ರೇವವ್ವ ನಟ್ಟಿನ ನಡುವಿನಿಂದ ಪೈಪಿನ ಮೇಲೆ ಒಂದು ಮೀಟರ್ ಅಳೆದು ಗುರುತು ಹಾಕಿದಳು. ಪೈಪಿನ ಭಾರವೇ ಒಂದು ಕಿಲೋದಷ್ಟು ಎಳೆಯುತ್ತದೆಂದು ಲೆಕ್ಕ ಹಾಕಿ, ಹತ್ತೊಂಬತ್ತು ಕಿಲೋ ನಿಂಬೆಕಾಯಿ ತೂಗಿ, ಚೀಲವನ್ನು ಆ ಗುರುತಿಗೆ ತೂಗುಹಾಕಿದಳು.

"ಇನ್ನ ಕೈ ಹಿಂದ ಕಟ್ಕೊಂಡು ನಿಂದ್ರು."

ಚೀಲ ಮೆಲ್ಲಗೆ ಇಳಿಯತೊಡಗಿತು. ನಿಂಬೆಯ ಪರಿಮಳಕ್ಕೆ ಸೂರ್ಯನೂ ತೂಕಡಿಸಿದ, ಗಿಡದ ನೆರಳು ಹರಿಯುವ ನೀರಾಯಿತು. ಬೋಲ್ಟಿನೊಳಗೆ ಕಬ್ಬಿಣ ಬೆಕ್ಕಿನಂತೆ ಮೈಮುರಿಯುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೂದಲೆಳೆಯಷ್ಟು ಉದ್ದವಾಗಿ, ಮತ್ತೆ ಕುಗ್ಗಲು ಹವಣಿಸುತ್ತ, ಅದು ಗಾಲಿಯನ್ನು ತಬ್ಬಿಕೊಳ್ಳುತ್ತಿತ್ತು. ನನ್ನ ಅಂಗೈ ತುರಿಸಿತು. ಒಂದೇ ಒಂದು ಸಲ ಒತ್ತಿದರೆ? ಬೆರಳುಗಳನ್ನು ಬೆನ್ನ ಹಿಂದೆ ಹೆಣೆದು ಹಿಡಿದೆ. ಅಷ್ಟರೊಳಗೆ ಒಂದು ಯುಗ ಕಳೆದು ಇನ್ನೊಂದು ಹುಟ್ಟಿತು.

ಪೈಪು ನೆಲಕ್ಕೆ ಸಮಾನಾಂತರವಾಗಿ ನಿಂತಿತು. ಚೀಲ ತೂಗಾಡಿತು, ನಟ್ಟು ಅಲುಗಲಿಲ್ಲ.

ಎದುರುಬದುರಾಗಿ ಎಂಟೂ ನಟ್ಟು ಹಾಗೆಯೇ ಬಿಗಿದೆವು. ಟ್ರ್ಯಾಕ್ಟರನ್ನು ತೋಟ ಒಂದು ಸುತ್ತು ಹಾಕಿಸಿ ಮತ್ತೆ ಚೀಲ ತೂಗುಹಾಕಿದರೆ ಒಂದೂ ಜರುಗಲಿಲ್ಲ.

"ತಾಳಿಕೋಟಿಯವ್ನ ಕರಸೂದು ಬ್ಯಾಡ ಬಿಡು," ಎಂದಳು ರೇವವ್ವ.

ಕೈ ಕಟ್ಟಿ ಸುಮ್ಮನೆ ನಿಲ್ಲುವುದರಲ್ಲಿ ನನ್ನನ್ನು ಮೀರಿಸುವ ಮಿಸ್ತ್ರಿ ಇನ್ನೂ ಹುಟ್ಟಿಲ್ಲ.