ಸುಂಕಪ್ಪನ ನಾಯಿಗಳು ರೊಟ್ಟಿ ಯಾಕೆ ಬಿಟ್ಟವು

ಪಕ್ಕದ ಮನೆಯ ನಾಯಿ ಬೊಗಳಿದರೆ ಬೈಯುತ್ತೇವೆ. ಬೊಗಳುವುದು ನಿಂತರೆ "ಸದ್ಯ, ಪೀಡೆ ತೊಲಗಿತು" ಅನ್ನುತ್ತೇವೆ. ಯಾಕೆ ನಿಂತಿತು ಅಂತ ಗೋಡೆ ಮೇಲಿಂದ ಇಣುಕಿ ನೋಡುವವರು ಕಡಿಮೆ.

ನಮ್ಮ ಊರು ಮಲಪನಗುಡಿ. ನಮ್ಮ ಮನೆಗೂ ಪಕ್ಕದ ಸುಂಕಪ್ಪನ ಮನೆಗೂ ನಡುವೆ ಎದೆಮಟ್ಟದ ಕಲ್ಲಿನ ಗೋಡೆ. ಸುಂಕಪ್ಪನ ಹೆಂಡತಿ ಭೀಮವ್ವ ಇದ್ದಾಗ ಆ ಗೋಡೆ ಮೇಲೆ ಯಾವಾಗಲೂ ಒಂದು ಬಟ್ಟಲು ಇರುತ್ತಿತ್ತು. ಇವತ್ತು ನಮ್ಮ ಸಾರು ಆಚೆಗೆ, ನಾಳೆ ಅವರ ಪುಂಡಿಪಲ್ಯ ಈಚೆಗೆ. ಹೊತ್ತು ಮುಳುಗುವ ಹೊತ್ತಿಗೆ "ಯಕ್ಕಾ, ಊಟ ಆತೇನ್ರಿ?" ಅಂತ ಕೂಗುತ್ತಿದ್ದಳು. ಹೋದ ಚಳಿಗಾಲದಲ್ಲಿ ಕಾಮಾಲೆ ಆಗಿ ದವಾಖಾನೆಗೆ ಹೋದವಳು ತಿರುಗಿ ಬರಲಿಲ್ಲ. ಗೋಡೆ ಮೇಲೆ ಈಗ ಬಟ್ಟಲು ಇಲ್ಲ. ನನಗೆ ಮಗ ಇದ್ದಾನೆ, ಸೊಸೆ ಇದ್ದಾಳೆ, ಮನೆ ತುಂಬಿದೆ. ಆದರೂ ಸಂಜೆ ಆ ಹೊತ್ತಿಗೆ ಕಿವಿ ಗೋಡೆ ಕಡೆಗೇ ಹೋಗುತ್ತದೆ.

ಭೀಮವ್ವ ಎರಡು ನಾಯಿ ಸಾಕಿದ್ದಳು. ಗಂಡು ನಾಯಿಯ ಮೈ ಅದಿರಿನ ಧೂಳಿನ ಹಂಗೆ ಕೆಂಪು. ಅದಕ್ಕೆ ಸಂಡೂರ ಅಂತ ಹೆಸರಿಟ್ಟಳು. ಹೆಣ್ಣು ನಾಯಿ ಮರಿ ಇದ್ದಾಗ ಕಂಪ್ಲಿಯಿಂದ ಬಾಳೆಗೊನೆ ತಂದ ಟ್ರ್ಯಾಕ್ಟರಿನಲ್ಲಿ ಬಂದಿತ್ತು. ಅದರ ಹೆಸರು ಕಂಪ್ಲಿ. "ಸಂಡೂರಾ, ಕಂಪ್ಲೀ" ಅಂತ ಅವಳು ಕೂಗಿದರೆ, ಊರಿಗೆ ಹೊಸಬರು ಬಸ್ಸು ಬಂತೇನೋ ಅಂತ ತಿರುಗಿ ನೋಡುತ್ತಿದ್ದರು.

ಸುಂಕಪ್ಪನ ಕೆಲಸ ಸಂಡೂರಿನ ಕಡೆ, ಅದಿರಿನ ಯಾರ್ಡಿನಲ್ಲಿ. ಸೋಮವಾರ ಹೋದರೆ ಶನಿವಾರ ಸಂಜೆಗೆ ಬರುತ್ತಾನೆ. ಹೆಂಡತಿ ಹೋದ ಮೇಲೆ, ಹೊರಡುವಾಗ ನಾಯಿಗಳನ್ನು ಹಿತ್ತಲಿನ ಕಲ್ಲುಕಂಬಕ್ಕೆ ಸರಪಳಿ ಹಾಕಿ ಕಟ್ಟುತ್ತಿದ್ದ. ಮುಂದೆ ಒಂದು ಬುಟ್ಟಿ ಖಡಕ್ ರೊಟ್ಟಿ, ಒಂದು ಪ್ಲಾಸ್ಟಿಕ್ ಬೋಗುಣಿ ನೀರು. ಗೇಟಿಗೆ ಬೀಗ. ಖಡಕ್ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ, ನಾವೂ ಹಂಗೇ ಒಣಗಿಸಿ ಇಡುತ್ತೇವೆ. ವಾರದ ಕೂಳು ಇಟ್ಟೆ ಅಂತ ಅವನ ಸಮಾಧಾನ.

ಮೊದಮೊದಲು ಅವು ಹಗಲೆಲ್ಲ ಊಳಿಡುತ್ತಿದ್ದವು. ಬಿಸಿಲು ಏರಿದ ಹಾಗೆ ದನಿ ಇಳಿಯಿತು. ಒಂದು ಬುಧವಾರ ಮಧ್ಯಾಹ್ನ ದನಿಯೇ ಇಲ್ಲ. ಗೋಡೆ ಹತ್ತಿರ ಹೋಗಿ ನೋಡಿದೆ. ಬೇವಿನ ನೆರಳು ಆಚೆ ಇತ್ತು, ಸರಪಳಿ ಅಲ್ಲಿಗೆ ಎಟುಕದು. ನೀರಿನ ಬೋಗುಣಿ ಬೋರಲು ಬಿದ್ದು ನೆಲ ಒಣಗಿತ್ತು. ರೊಟ್ಟಿ ಇಟ್ಟದ್ದು ಇಟ್ಟ ಹಾಗೇ. ಸಂಡೂರ ಕಣ್ಣು ತೆರೆಯಲಿಲ್ಲ. ಕಂಪ್ಲಿ ನನ್ನನ್ನು ನೋಡಿ ಬಾಲ ಆಡಿಸಲು ಹೋಯಿತು. ಬಾಲ ನೆಲಕ್ಕೆ ಒಮ್ಮೆ ಬಡಿದು ಸುಮ್ಮನಾಯಿತು.

"ತಾಯಕ್ಕಾ, ಆ ನಾಯಿ ಸಾಯಾಕ ಹತ್ಯಾವ ನೋಡ" ಅಂದೆ ಸೊಸೆಗೆ.

ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅವರ ನಾಯಿ, ಅವರ ಹಣೇಬರ. ನಾಳೆ ಏನರ ಆದ್ರ 'ವಿರುಪಮ್ಮ ವಿಷ ಹಾಕಿದ್ಲು' ಅಂತಾರ ಊರಾಗ. ನಿಮಗ್ಯಾಕ್ರಿ ಅತ್ತಿ ಊರ ಉಸಾಬರಿ?"

"ರೊಟ್ಟಿ ಮುಟ್ಟಿಲ್ಲವ್ವಾ ಅವು."

"ಸೊಕ್ಕು. ಹಸಿವಾದ್ರ ತಾವಾ ತಿಂತಾವ."

ನನಗೆ ತಡೆಯಲಿಲ್ಲ. ಅವಳ ಫೋನಿನಿಂದಲೇ ಸುಂಕಪ್ಪನಿಗೆ ಹಚ್ಚಿಸಿದೆ. ಆ ಕಡೆ ಯಂತ್ರದ ಗದ್ದಲ.

"ಏನೋ ಸುಂಕಪ್ಪ, ಕರುಳು ಐತೇನಿಲ್ಲೋ ನಿನಗ? ನಾಯಿ ಹಿಂಗ ಇಡ್ತಾರೇನು?"

"ಕೂಳು ಇಟ್ಟೇ ಬಂದೀನಕ್ಕ. ನಾ ಇಟ್ಟಿದ್ದು ಅವು ತಿನ್ನಂಗಿಲ್ಲ. ಅವಕ್ಕ ಆಕೀನ ಬೇಕು. ಆಕೀನ ನಾ ಎಲ್ಲಿಂದ ತರ್ಲಿ? ಈ ಐತಾರ ಜಂಬುನಾಥನ ಗುಡ್ಡದ ಕಡಿ ಬಿಟ್ಟು ಬರ್ತೀನಿ. ಎಲ್ಲಿಗರ ಹೋಗ್ಲಿ."

ಫೋನು ಇಟ್ಟುಬಿಟ್ಟ. ಗುಡ್ಡದ ಕಡೆ ಚಿರತೆ ಓಡಾಡುತ್ತವೆ. ಇವು ಎದ್ದು ನಿಲ್ಲಲಾರದ ನಾಯಿಗಳು. ಐತವಾರ ಬಂದರೆ ಅವುಗಳ ಕಥೆ ಮುಗಿಯಿತು ಅಂತ ನನಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ನಮ್ಮ ಎಮ್ಮೆ ನೋಡಲು ಅನ್ನಪೂರ್ಣ ಬಂದಳು. ಅವಳು ನಮ್ಮೂರ ಪಶುಸಖಿ. ದನಕರುಗಳಿಗೆ ಏನಾದರೂ ಆದರೆ ಮೊದಲು ಬಂದು ನೋಡಿ, ಡಾಕ್ಟರಿಗೆ ತಿಳಿಸುವಂತೆ ತರಬೇತಿ ಪಡೆದ ಹೆಣ್ಣುಮಗಳು. ಅವಳನ್ನು ಗೋಡೆ ಹತ್ತಿರ ಕರೆದೊಯ್ದೆ. ಅವಳು ಬಹಳ ಹೊತ್ತು ನೋಡಿದಳು.

"ಅಜ್ಜಿ, ದುಃಖ ಇದ್ದರೂ ಇರಬಹುದು ಅವಕ್ಕ. ಮೊದಲು ಇದು ನೀರಡಿಕಿ. ಬಾಯಿ ಒಣಗಿದಾಗ ನೀವು ಖಡಕ್ ರೊಟ್ಟಿ ತಿಂದು ನೋಡ್ರಿ, ಗಂಟಲಾಗ ಇಳಿತೈತೇನು?"

ಎಷ್ಟು ಸಣ್ಣ ಮಾತು. ಇಷ್ಟು ವರ್ಷ ರೊಟ್ಟಿ ಬಡಿದ ನನಗೆ ಹೊಳೆದಿರಲಿಲ್ಲ.

ತಾಯಕ್ಕ ಅಲ್ಲೇ ನಿಂತಿದ್ದಳು. "ಹಂಗಾದ್ರ ಗೋಡಿ ಹತ್ತಿ ಇಳಿದು ನೀರು ಇಟ್ಟು ಬಂದ್ರ ಆತಲ್ಲ?"

"ಬ್ಯಾಡಕ್ಕ. ಕಟ್ಟಿದ ನಾಯಿ ಹೆದರಿರ್ತೈತಿ, ಕಡಿತೈತಿ. ಮತ್ತ ಕೇಳದೆ ಮಂದಿ ಮನಿ ಹೊಕ್ಕರ, ನಾಯಿ ಮಾತು ಹೋಗಿ ಜಗಳದ ಮಾತು ಶುರು ಆಗ್ತೈತಿ."

"ಪೊಲೀಸ್ರಿಗೆ ಹೇಳಿದ್ರ?"

"ನೀರು, ನೆರಳು ಕೊಡದೆ ಕಟ್ಟಿ ಹಾಕೋದು ಕಾನೂನಿನಾಗ ತಪ್ಪ ಐತಿ. ಮಾತು ಕೇಳದವರಿಗೆ ಆ ದಾರಿ ಇದ್ದಾ ಐತಿ. ಸುಂಕಪ್ಪಣ್ಣನ ಜೋಡಿ ಇನ್ನ ಮಾತಾ ಆಗಿಲ್ಲಲ್ಲ. ಅಜ್ಜಿ, ನಿನ್ನೆ ಫೋನಿನಾಗ ಏನಂದ್ರಿ?"

ಹೇಳಿದೆ. ಅವಳು ನಕ್ಕಳು. "ಬೈದೀರಿ. ಇವತ್ತು ಬೈಬ್ಯಾಡ್ರಿ."

ಮತ್ತೆ ಫೋನು ಹಚ್ಚಿದೆವು. ಬೈಯಬಾರದು ಅಂದ ಮೇಲೆ ಏನು ಅನ್ನಬೇಕು ಅಂತ ತಿಳಿಯಲಿಲ್ಲ. ಭೀಮವ್ವ ಕೇಳುತ್ತಿದ್ದದ್ದೇ ಬಾಯಿಗೆ ಬಂತು.

"ಸುಂಕಪ್ಪ, ಊಟ ಆತೇನಪ್ಪ?"

ಯಂತ್ರದ ಸದ್ದಿನಿಂದ ಆಚೆ ಸರಿದು ಅಂದ, "ಆತಕ್ಕ."

"ಏನುಂಡಿ?"

"ರೊಟ್ಟಿ. ಸೋಮಾರ ಬಜಾರದಾಗ ಒಂದು ಗಂಟು ತಗೋತೀನಿ. ಅರ್ಧ ಅವಕ್ಕ, ಅರ್ಧ ನನಗ."

ಇವನು ನಾಯಿಗೆ ಕಡಿಮೆ ಮಾಡಿರಲಿಲ್ಲ. ಅಲ್ಲಿ ತಗಡಿನ ಖೋಲಿಯಲ್ಲಿ ಒಬ್ಬನೇ ಕೂತು ತಾನು ತಿನ್ನುವುದನ್ನೇ ಇಲ್ಲಿ ಅವಕ್ಕೂ ಇಟ್ಟು ಹೋಗಿದ್ದ.

"ನೀರಿನ ಬೋಗುಣಿ ಬಿದ್ದೈತಪ್ಪ. ನೀರಿಲ್ಲದ ರೊಟ್ಟಿ ಇಳಿವಲ್ದು ಅವಕ್ಕ. ನೀ ಹೂಂ ಅಂದ್ರ ನಾ ಒಳಗ ಹೋಗಿ ನೀರು ಇಡ್ತೀನಿ. ಅನ್ನಪೂರ್ಣ ಅದಾಳ ಜೋಡಿ."

"ಕೀಲಿ ಗೇಟಿನ ಬಾಜು ಗೂಡಿನಾಗ ಐತಿ. ಆಕಿ ಇಡ್ತಿದ್ದ ಜಾಗದಾಗನ."

ಒಳಗೆ ಹೋದೆವು. ಅನ್ನಪೂರ್ಣ ನಮ್ಮನ್ನು ದೂರವೇ ನಿಲ್ಲಿಸಿ, "ಹೆಸರು ಹಿಡಿದು ಕರೀರಿ ಅಜ್ಜಿ" ಅಂದಳು. "ಸಂಡೂರಾ, ಕಂಪ್ಲೀ" ಅಂದೆ. ಬಹಳ ದಿನಕ್ಕೆ ಆ ಹೆಸರು ಆ ಹಿತ್ತಲಲ್ಲಿ ಕೇಳಿತು. ಎರಡೂ ಕಿವಿ ಎತ್ತಿದವು. ನಾನು ಅಂತ ತಿಳಿದ ಮೇಲೆ ಕಿವಿ ಮತ್ತೆ ಇಳಿದವು. ಅವು ಯಾರನ್ನು ಕಾಯುತ್ತಿದ್ದವು ಅಂತ ನನಗೆ ಗೊತ್ತು. ನಾನೂ ಅವಳನ್ನೇ ಕಾಯುತ್ತಿದ್ದೆನಲ್ಲ.

ಅನ್ನಪೂರ್ಣ ಮೊದಲು ಸ್ವಲ್ಪ ನೀರು ಕೊಟ್ಟಳು. ತಡೆದು ಮತ್ತೆ ಸ್ವಲ್ಪ. ಒಮ್ಮೆಲೇ ಕುಡಿಸಿದರೆ ವಾಂತಿ ಆಗುತ್ತದಂತೆ. ಸಂಡೂರನ ಕುತ್ತಿಗೆಯಲ್ಲಿ ಸರಪಳಿ ಕೊರೆದು ಗಾಯವಾಗಿತ್ತು. ಅವಳು ಪಶು ಆಸ್ಪತ್ರೆಗೆ ಫೋನು ಮಾಡಿದಳು. ಡಾಕ್ಟರು ಬಂದು ಗಾಯ ತೊಳೆದು ಮುಲಾಮು ಹಚ್ಚಿದರು. ಸುಂಕಪ್ಪನನ್ನು ಫೋನಿನಲ್ಲಿ ಕೇಳಿಕೊಂಡು, ಸರಪಳಿ ಬಿಚ್ಚಿ ಹಿತ್ತಲಲ್ಲೇ ಬಿಟ್ಟೆವು. ಗೇಟು ಹಾಕಿದ್ದರೆ ಎಲ್ಲಿಗೂ ಹೋಗವು. ನಾನು ರೊಟ್ಟಿ ನುರಿದು, ನೀರಲ್ಲಿ ನೆನೆಸಿ, ಮೇಲೆ ಉಪ್ಪಿಲ್ಲದ ತಿಳಿ ಮಜ್ಜಿಗೆ ಹಾಕಿ ಇಟ್ಟೆ. ಸೊಕ್ಕಿನ ನಾಯಿಗಳು ಬೋಗುಣಿಯ ತಳ ನೆಕ್ಕಿದವು.

ಆಗ ತಾಯಕ್ಕ ಅಂದಳು, "ಪ್ಲಾಸ್ಟಿಕ್ ಬೋಗುಣಿ ಇಟ್ರ ಮತ್ತ ಚೆಲ್ತಾವ. ಅಲ್ಲಿ ಮೂಲ್ಯಾಗ ಭೀಮವ್ವಕ್ಕನ ಒಳಕಲ್ಲು ಐತಲ್ರಿ. ಆನಿ ಬಂದು ಒದ್ದರೂ ಹೊಳ್ಳಂಗಿಲ್ಲ ಅದು."

ಮಿಕ್ಸರ್ ಬಂದ ಮೇಲೆ ಆ ರುಬ್ಬುವ ಕಲ್ಲು ಮೂಲೆ ಸೇರಿತ್ತು. ಮೂವರೂ ಸೇರಿ ಬೇವಿನ ನೆರಳಿಗೆ ದಬ್ಬಿದೆವು.

"ನಿನ್ನೆ ಊರ ಉಸಾಬರಿ ಅಂದಾಕಿ ಯಾರವಾ?" ಅಂದೆ.

"ಸುಮ್ನ ದಬ್ಬರಿ ಅತ್ತಿ, ಕಾಲಿನ ಮ್ಯಾಲೆ ಬಿದ್ದೀತು."

ಶನಿವಾರ ಸಂಜೆ ಸುಂಕಪ್ಪ ಬಂದ. ಕೈಯಲ್ಲಿ ಹೊಸ ಹಗ್ಗ. ಗುಡ್ಡಕ್ಕೆ ಒಯ್ಯಲು ತಂದದ್ದು. ಹಿತ್ತಲಿಗೆ ಬಂದು, ಒಳಕಲ್ಲಿನ ಗುಂಡಿಯಲ್ಲಿ ನೀರು ನೋಡಿ ನಿಂತುಬಿಟ್ಟ. ನಾನು ಗೋಡೆಯ ಈಚೆ ಇದ್ದೆ.

"ತಿಂದಾವೇನಕ್ಕ?"

"ತಿಂದಾವ. ನೀನ ಹಾಕಿ ನೋಡು."

ತನ್ನ ಪಾಲಿನಲ್ಲಿ ಉಳಿದ ರೊಟ್ಟಿಯ ಗಂಟು ಬಿಚ್ಚಿ ಒಂದನ್ನು ಹಾಗೇ ಎಸೆಯಲು ಹೋದ.

"ಹಂಗಲ್ಲಪ್ಪ. ನುರಿದು ನೆನಿ ಹಾಕು. ಭೀಮವ್ವ ಬ್ಯಾಳಿ ಕಟ್ಟಿನಾಗ ನೆನಿ ಹಾಕ್ತಿದ್ಲು."

"ನನಗ ಗೊತ್ತಾ ಇರ್ಲಿಲ್ಲಕ್ಕ. ವಾರವೆಲ್ಲ ನಾ ಅಲ್ಲಿರ್ತಿದ್ದೆ."

ಅದಿರಿನ ಕೆಂಪು ಹೋಗದ ಕೈಯಲ್ಲಿ ರೊಟ್ಟಿ ನುರಿದ. ನೆನೆಯುವ ತನಕ ನೆಲಕ್ಕೆ ಕೂತ. ಕಂಪ್ಲಿ ಬಂದು ಅವನ ಅಂಗೈಯಿಂದಲೇ ತಿಂದಿತು. ಅದರ ಹಿಂದೆ ಸಂಡೂರ. ಅವನು ಅವುಗಳನ್ನೇ ನೋಡುತ್ತ ಅಂದ:

"ದವಾಖಾನೆಯಿಂದ ನಾ ಒಬ್ಬನ ಬಂದೆ ಅಂತ ನನ್ನ ಮ್ಯಾಲೆ ಸಿಟ್ಟು ಮಾಡ್ಯಾವ ಅಂದ್ಕೊಂಡಿದ್ದೆ ಅಕ್ಕ."

"ನೀರಡಿಕಿ ಆಗಿತ್ತಪ್ಪ. ಅಷ್ಟ."

ಐತವಾರ ಆ ಹೊಸ ಹಗ್ಗದಿಂದ ಬೇವಿಗೂ ಕಂಬಕ್ಕೂ ಗೋಣಿತಟ್ಟು ಕಟ್ಟಿದ, ಹಿತ್ತಲಿಗೆ ಇನ್ನಷ್ಟು ನೆರಳಾಯಿತು. ಗಾಯ ಮಾಗಿದ ಮೇಲೆ ತಾನೇ ಎರಡನ್ನೂ ಪಶು ಆಸ್ಪತ್ರೆಗೆ ಕರೆದೊಯ್ದು ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ. ಒಂದು ಕೀಲಿ ನಮ್ಮ ಮನೆಯಲ್ಲಿ ಇಟ್ಟಿದ್ದಾನೆ. ಸೋಮವಾರದಿಂದ ತಾಯಕ್ಕ ದಿನಾ ರೊಟ್ಟಿ ನೆನೆಸಿ ಇಟ್ಟು ಬರುತ್ತಾಳೆ. ವಾರದ ಸಂಜೆಗಳಲ್ಲಿ ಈಗಲೂ ಗೋಡೆ ಆಚೆ ಸದ್ದಿಲ್ಲ. ಶನಿವಾರ ಮಾತ್ರ ಗೋಡೆ ಮೇಲೆ ನಮ್ಮ ಬಟ್ಟಲು ಇರುತ್ತದೆ. ಆಚೆಯಿಂದ ಒಂದು ಗಂಡು ದನಿ, ನಾಚಿಕೊಂಡು, "ಯಕ್ಕಾ, ಊಟ ಆತೇನ್ರಿ?" ಅನ್ನುತ್ತದೆ. ಭೀಮವ್ವನ ದನಿ ಅಲ್ಲ ಅದು. ಆದರೂ "ಆತಪ್ಪ" ಅನ್ನುತ್ತೇನೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಓಣಿಯಲ್ಲೂ ಇಂಥ ಒಂದು ಹಿತ್ತಲು ಇರಬಹುದು. ಸಾಕಿದ ನಾಯಿಗೆ ಕೂಳಿಗಿಂತ ಮೊದಲು ನೀರು ಬೇಕು, ಅದೂ ಚೆಲ್ಲದ ಪಾತ್ರೆಯಲ್ಲಿ. ಇಡೀ ಹಗಲು ನೆರಳು ಬೇಕು. ಸರಪಳಿ ಕುತ್ತಿಗೆ ಕೊರೆಯಬಾರದು. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ತಪ್ಪಿಸಬೇಡಿ. ನಾಯಿ ಕಡಿದರೆ ಖಾರದ ಪುಡಿ, ಸುಣ್ಣ ಹಚ್ಚಬೇಡಿ. ಹರಿಯುವ ನೀರಲ್ಲಿ ಸೋಪು ಹಚ್ಚಿ ಕಾಲು ಗಂಟೆ ತೊಳೆದು, ಅವತ್ತೇ ಸರಕಾರಿ ಆಸ್ಪತ್ರೆಗೆ ಹೋಗಿ. ನಾಯಿಗೆ ಹುಷಾರಿಲ್ಲದಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನು ಮಾಡಿ ಕೇಳಿ. ಬೇಡವಾದ ನಾಯಿಯನ್ನು ಗುಡ್ಡಕ್ಕೆ, ಕಾಲುವೆ ಆಚೆಗೆ ಬಿಟ್ಟು ಬರಬೇಡಿ.

ಮತ್ತೆ, ಪಕ್ಕದ ಮನೆಯ ನಾಯಿ ಬಡವಾಗಿದ್ದರೆ ಆ ಮನೆಯ ಮನುಷ್ಯನೂ ಬಡವಾಗಿರಬಹುದು. ಬೈಯುವುದು ಆಮೇಲೆ ಇದ್ದೇ ಇದೆ. ಇವತ್ತು ಸಂಜೆ ಗೋಡೆ ಹತ್ತಿರ ಹೋಗಿ. ಊಟ ಆಯಿತೇನು ಅಂತ ಕೇಳಿ. ಕೀಲಿ ಎಲ್ಲಿದೆ ಅಂತ ಅವರೇ ಹೇಳುತ್ತಾರೆ.