ಹುಳು ಹಣ್ಣಾದ ದಿನ

"ಚಪ್ಪಲಿ ಹಾಕ್ಕೊಂಡು ಹುಳದ ಮನೆಗೆ ಬರ್ಬೇಡಿ," ಎಂದು ಹರಿಣಿ ಬಾಗಿಲಿಗೆ ಅಡ್ಡ ನಿಂತಳು. "ಚಪ್ಪಲಿ ಬಿಟ್ಟೂ ಬರ್ಬೇಡಿ. ರೇಷ್ಮೆ ಹುಳ ಹಣ್ಣಾಗಿದೆ, ಗೂಡು ಕಟ್ಟೋ ಹೊತ್ತು."

ಬಂದವರು ಇಬ್ಬರು. ಇಬ್ಬರಿಗೂ ಸಮವಸ್ತ್ರವಿಲ್ಲ. ಕಾರಿಗೆ ಆಂಧ್ರದ ನಂಬರು. ಒಬ್ಬ ಹೇಳದೆ ಕೇಳದೆ ಹಿತ್ತಿಲಿಗೆ ಹೋಗಿ ನಿಂತ. ಇನ್ನೊಬ್ಬ ತಾನು ಮದನಪಲ್ಲಿ ಕಡೆಯ ಎಸ್‌ಐ ಮುರಳಿಮೋಹನ್ ಎಂದು ಹೇಳಿ, ಗುರುತಿನ ಚೀಟಿಯನ್ನು ತೋರಿಸಿದ ಶಾಸ್ತ್ರ ಮಾಡಿ ಜೇಬಿಗಿಳಿಸಿದ. ಶಿಡ್ಲಘಟ್ಟದ ಕೋರ್ಟಿನಲ್ಲಿ ಆರು ವರ್ಷದಿಂದ ಬೆರಳಚ್ಚು ಮಾಡುವವಳಿಗೆ ಇಂಥ ಅವಸರದ ಚೀಟಿಗಳ ಮೇಲೆ ಎಲ್ಲಿಯ ನಂಬಿಕೆ?

"ನಿನ್ ಗಂಡ ಕೆಂಪರಾಜುನ್ನ ಕರೀಯಮ್ಮಾ. ಎರಡು ಮಾತು ಕೇಳಿ ಕಳಿಸಿಬಿಡ್ತೀವಿ."

"ಕಳಿಸೋರು ಕಾರ್ ಯಾಕೆ ತಿರುಗಿಸಿ ನಿಲ್ಲಿಸಿದೀರಿ? ಇದು ನಿಮ್ಮ ಸರಹದ್ದಲ್ಲ ಸಾರ್. ನಮ್ ಸ್ಟೇಷನ್ನಿಗೆ ಹೇಳಿದೀರಾ? ಅರೆಸ್ಟ್ ಅಂದ್ರೆ ಕಾಗದ ಬೇಕು, ಮನೆಯವರ ಸಹಿ ಬೇಕು."

"ಬಾಗಾ ಓದ್ಕೊಂಡಿದೀಯಲ್ಲಮ್ಮಾ," ಎಂದು ಮುರಳಿಮೋಹನ್ ನಕ್ಕ. ಹೊಸ್ತಿಲು ಮಾತ್ರ ದಾಟಲಿಲ್ಲ. "ನಮ್ಮಮ್ಮಾನೂ ಹುಳ ಸಾಕ್ತಾಳೆ. ನಿಧಾನಕ್ಕೇ ಬರ್ಲಿ."

ಹರಿಣಿಯ ಅನುಮಾನ ಇಮ್ಮಡಿಯಾಯಿತು. ಮೋಸಗಾರರೂ ಹೀಗೇ ನೆಂಟಸ್ತನ ಬೆಳೆಸುವುದು. ಅವಳು ಅಲ್ಲೇ ನಿಂತು ಊರಿನ ಠಾಣೆಗೆ ಫೋನು ಮಾಡಿದಳು.

ಒಳಗಿಂದ ಗಂಡನ ಸದ್ದಿಲ್ಲ. ಪಾಪ, ಕೈ ಬಿಡುವಿರಲಿಕ್ಕಿಲ್ಲ. ಹಣ್ಣಾದ ಹುಳುಗಳನ್ನು ಆರಿಸಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅವು ಇದ್ದಲ್ಲೇ ಗೂಡು ಕಟ್ಟಿಕೊಳ್ಳುತ್ತವೆ. ಆ ಕೆಲಸಕ್ಕೆ ಕೂತರೆ ಕೆಂಪರಾಜು ಊಟಕ್ಕೂ ಏಳುವವನಲ್ಲ.

ಅರ್ಧ ಗಂಟೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಮುನೇಶ್ ಬೈಕಿನಲ್ಲಿ ಬಂದ. ಕೋರ್ಟಿನಲ್ಲಿ ದಿನಾ ಕಾಣುವ ಮುಖ. ಹರಿಣಿಗೆ ಹೋದ ಜೀವ ಬಂದಂತಾಯಿತು. ಆದರೆ ಅವನು ಎತ್ತಲೋ ನೋಡುತ್ತ ಮಾತಾಡಿದ.

"ಅಸಲಿ ಪೊಲೀಸ್ರೇ ಕಣಮ್ಮ. ಬೆಳಿಗ್ಗೇನೇ ನಮ್ ಸ್ಟೇಷನ್ನಿಗೆ ಬಂದು ಬರೆಸಿದಾರೆ. ನಾನೇ ಜೊತೆಗೆ ಬರ್ಬೇಕಿತ್ತು, ತಡ ಆಯ್ತು. ರೇಷ್ಮೆ ನೂಲಿನ ಗೋಡೌನ್ ಕಳವು. ವಾಚ್‌ಮನ್ ತಲೆಗೆ ಏಟು ಬಿದ್ದು ಆಸ್ಪತ್ರೇಲಿದಾನೆ."

"ಎಲ್ಲಾ ಸುಳ್ಳು!" ಎಂದು ಹರಿಣಿ ಒಳಗೆ ನುಗ್ಗಿದಳು.

ತಟ್ಟೆಗಳಲ್ಲಿ ಹುಳುಗಳು ಹಾಗೆಯೇ ಇದ್ದವು. ಒಂದನ್ನೂ ಆರಿಸಿರಲಿಲ್ಲ. ಕೆಲವು ಸೊಪ್ಪಿನ ಕಡ್ಡಿಗಳಿಗೇ ಎಳೆ ಸುತ್ತತೊಡಗಿದ್ದವು. ಕೆಂಪರಾಜು ಒಗೆದ ಅಂಗಿ ತೊಟ್ಟು, ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಗೋಡೆಗೊರಗಿ ಕೂತಿದ್ದ.

"ಬೈಕ್ ಸದ್ದಾಯ್ತು. ಮುನೇಶಣ್ಣ ಬಂದ್ರಾ?" ಎಂದು ಕೇಳಿ ಎದ್ದ.

ಹೊರಗೆ ಮುರಳಿಮೋಹನ್ ಕಾರಿನ ಬಾನೆಟ್ಟಿನ ಮೇಲೆ ಅರೆಸ್ಟಿನ ಕಾಗದ ಬರೆದು ಅವಳ ಮುಂದೆ ಹಿಡಿದ. ಹರಿಣಿ ಸಾಲು ಸಾಲಾಗಿ ಓದಿದಳು. ತಾರೀಕು, ಕಲಮು, ಸ್ಥಳ, ಸಾಕ್ಷಿ. ಒಂದು ತಪ್ಪಾದರೂ ಸಿಗಲಿ ದೇವರೇ ಎಂದು ಮತ್ತೊಮ್ಮೆ ಓದಿದಳು. ಎಲ್ಲವೂ ಅವಳು ಕೇಳಿದಂತೆಯೇ ಇತ್ತು. ಸಹಿ ಹಾಕಿದಳು.

"ರೀ, ಯಾಕೆ ಅಂತ ಕೇಳ್ರೀ ಅವರನ್ನ," ಎಂದಳು. "ನಾನಲ್ಲ ಅಂತಾದ್ರೂ ಅನ್ರೀ. ಒಂದೇ ಒಂದ್ ಸಲ."

ಕೆಂಪರಾಜು ಕಾರಿನ ಹಿಂದಿನ ಬಾಗಿಲನ್ನು ತಾನೇ ತೆಗೆದ. ಒಳಗೆ ಕೂತು, ಪೊಲೀಸಿನವನಿಗೆ ಜಾಗ ಬಿಟ್ಟು ಆಚೆಗೆ ಸರಿದ.