ಕಾವಲಜ್ಜ ಸತ್ತ ದಿನ

“ಸಾಯೋದು ಇನ್ನೊಂದು ಸಲ ತಗೊಳ್ಳೋಣ ಸರ್,” ಎಂದ ಗಾಜಿನಾಚೆ ಕೂತಿದ್ದ ರೆಕಾರ್ಡಿಂಗಿನವನು.

ಮೈಕಿನ ಮುಂದೆ ಕೂತಿದ್ದ ಅವನು ತಲೆಯಾಡಿಸಿದ. ಬೆಳಗಿನಿಂದ ಸಾಯುತ್ತಲೇ ಇದ್ದ. ಮೊದಲ ಸಲ ಹೊಟ್ಟೆ ಗುರುಗುಟ್ಟಿತು. ಮೈಕಿಗೆ ಹೊಟ್ಟೆಯೂ ಒಂದೇ, ಬಾಯಿಯೂ ಒಂದೇ. ಎರಡನೆಯ ಸಲ ಪುಟ ತಿರುವಿದ ಸದ್ದು ಬಂತು. ಈ ಸಲ ಮಾತ್ರ ಚೆನ್ನಾಗಿಯೇ ಸತ್ತೆ ಎಂದುಕೊಂಡಿದ್ದ.

“ಈಗೇನಾಯ್ತು?”

“ಕೊನೇ ಸಾಲು ನಿಮ್ಮ ಧ್ವನಿ ಆಗೋಯ್ತು ಸರ್. ಅಜ್ಜನದು ಬೇಕು.”

ಅಜ್ಜ ಎಂದರೆ ಕಾವಲಜ್ಜ. ‘ಉಪ್ಪಿನ ಕೋಟೆ’ ಎಂಬ ಮಾಲೆಯ ಆರೂ ಸಂಪುಟಗಳಲ್ಲಿ ಕೋಟೆಯ ಬಾಗಿಲು ಕಾಯುವ ಮುದುಕ. ಅಂಗೈಯಲ್ಲಿ ಬೆಂಕಿ ಹೊತ್ತು ಹುಟ್ಟಿದ ಅನಾಥ ಹುಡುಗಿ ಏನೇ ಎಡವಟ್ಟು ಮಾಡಿಕೊಂಡರೂ ಕೊನೆಗೆ ಓಡಿಬರುವುದು ಇವನ ಹತ್ತಿರವೇ. ಹದಿಹರೆಯದವರು ಮುಗಿಬೀಳುವ ಈ ಪುಸ್ತಕಗಳನ್ನು ಅವನು ಧ್ವನಿಪುಸ್ತಕಕ್ಕಾಗಿ ಓದುತ್ತ ಬಂದಿದ್ದ. ಹಾರುವ ಕುದುರೆಗಳ ದಳಪತಿ, ನೆರಳಿಲ್ಲದ ರಾಜಕುಮಾರ, ಎಲ್ಲರಿಗೂ ಇವನದೇ ಗಂಟಲು. ಇದಕ್ಕೆ ಮೊದಲು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದ. ಮತ್ತೊಬ್ಬರ ಮನಸ್ಸನ್ನು ತಿಳಿಯಲು ಸಾಧ್ಯವೇ ಎಂದು ಕೇಳಿ, ಸಾಧ್ಯವಿಲ್ಲ ಎಂದು ಸಾಧಿಸಿ, ಡಾಕ್ಟರೇಟ್ ಪಡೆದಿದ್ದ. ಪರೀಕ್ಷಕರು ಮೆಚ್ಚಿಕೊಂಡಿದ್ದರು.

ಗಲ್ಲವನ್ನು ಎದೆಗೆ ಒತ್ತಿ, ಆ ಧ್ವನಿಯನ್ನು ಕೆಳಗಿನಿಂದ ಎತ್ತಿದ. “ನೀನು ಬಂದ ದಾರಿ ನನಗೆ ಗೊತ್ತು ಮಗಳೇ, ಹೋಗುವ ದಾರಿ ಗೊತ್ತಿಲ್ಲ. ಬಾಗಿಲು ತೆಗೆದಿಟ್ಟಿದ್ದೇನೆ.” ಒಂದು ಉಸಿರು ಬಿಟ್ಟ. ಇನ್ನೊಂದನ್ನು ತೆಗೆದುಕೊಳ್ಳಲಿಲ್ಲ.

ಕೆಂಪು ದೀಪ ಆರಿತು.

“ಸೂಪರ್ ಸರ್. ಅತ್ತೇಬಿಡ್ತಾರೆ ಮಕ್ಕಳು,” ಎಂದ ರೆಕಾರ್ಡಿಂಗಿನವನು, ಆಗಲೇ ಊಟದ ಡಬ್ಬಿ ಬಿಚ್ಚುತ್ತ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಕ್ಕಳು ಅಳುತ್ತಾರೆ, ನಿಜ. ಅವನ ಚಿಂತೆ ಒಂದು ಮಗುವಿನದು.

ಅಜ್ಜನ ಆ ಧ್ವನಿ ಹುಟ್ಟಿದ್ದು ಸ್ಟುಡಿಯೋದಲ್ಲಲ್ಲ. ಮಗಳು ಚಿಕ್ಕವಳಿದ್ದಾಗ ಕತ್ತಲೆಗೆ ಹೆದರುತ್ತಿದ್ದಳು. ಅವನು ಅವಳ ಮಂಚದ ಪಕ್ಕ ನೆಲದ ಮೇಲೆ ಕೂತು, ಮುದುಕ ಕಾವಲುಗಾರನಾಗಿ, ಒಂದೊಂದೇ ಭೂತವನ್ನು ಹೆಸರು ಹಿಡಿದು ಕರೆದು ಬೈದು ಕಳಿಸುತ್ತಿದ್ದ. ಅಡುಗೆಮನೆಯಿಂದ ಹೆಂಡತಿ, “ಅಜ್ಜಾ, ಭೂತಗಳ ಕೆಲಸ ಆಯ್ತಾ? ತೊಳೆಯೋ ಪಾತ್ರೆ ಕಾಯ್ತಾ ಇದೆ,” ಎನ್ನುತ್ತಿದ್ದಳು. ನಗುವ ಮನೆಯಾಗಿತ್ತು ಅದು.

ಈಗ ಮಗಳಿಗೆ ಹದಿನಾಲ್ಕು. ಅಮ್ಮ ತೀರಿಕೊಂಡ ಮೇಲೆ ಅಪ್ಪನೊಡನೆ ಅವಳ ಮಾತು ಹೂಂ, ಉಹೂಂಗೆ ಇಳಿದಿತ್ತು. ಇವನೂ ಮಾತಾಡಿಸಲಿಲ್ಲ, ದುಃಖದಲ್ಲಿರುವವರನ್ನು ಅವರ ಪಾಡಿಗೆ ಬಿಡಬೇಕೆಂದು ಎಲ್ಲೋ ಓದಿದ್ದ. ಕಾವಲಜ್ಜನನ್ನು ಮಾತ್ರ ಅವಳು ದಿನವೂ ಕೇಳುತ್ತಿದ್ದಳು. ಗೆಳತಿಯರು ರಾಜಕುಮಾರನ ಪಕ್ಷ, ದಳಪತಿಯ ಪಕ್ಷ ಎಂದು ಎರಡು ಪಾಲಾಗಿ ಮಾತು ಬಿಟ್ಟಿದ್ದರೆ, ಇವಳೊಬ್ಬಳೇ ಅಜ್ಜನ ಪಕ್ಷ. ಆ ಹಲ್ಲಿಲ್ಲದ ಮುದುಕನಲ್ಲಿ ಏನು ಕಂಡೆಯೇ ಎಂದು ಎರಡೂ ಪಕ್ಷದವರು ಒಟ್ಟಾಗಿ ರೇಗಿಸುತ್ತಿದ್ದರು. ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅಪ್ಪನ ಧ್ವನಿ ಕೇಳುತ್ತ, ಅಪ್ಪನಿಗೆ ಬೆನ್ನು ಹಾಕಿ ಮಲಗುತ್ತಿದ್ದಳು.

ಅವನಿಗೆ ಆ ಮುದುಕನ ಮೇಲೆ ಹೊಟ್ಟೆಕಿಚ್ಚಿತ್ತು. ಆದರೂ ಅವಳು ತನ್ನನ್ನು ಕೇಳುತ್ತಿದ್ದುದು ಆ ಒಂದೇ ಬಾಯಿಂದ. ಇವತ್ತು ಅದನ್ನು ಅವನೇ ಮುಚ್ಚಿದ್ದ, ಅದೂ ಸೊಗಸಾಗಿ.

ಮನೆಗೆ ಬಂದಾಗ ಮಗಳು ಊಟದ ಮೇಜಿನ ಮೇಲೆ ಭೂಪಟಕ್ಕೆ ಬಣ್ಣ ತುಂಬುತ್ತಿದ್ದಳು. ಸಮುದ್ರ ಅರ್ಧ ಆಗಿತ್ತು.

“ಮುಗೀತಾ?” ತಲೆ ಎತ್ತದೆ ಕೇಳಿದಳು.

“ಮುಗೀತು. ರಾತ್ರಿಗೆ ಏನು ಮಾಡ್ಲಿ?”

“ಏನಾದ್ರೂ. ಅಜ್ಜ?”

“ಪುಸ್ತಕ ಹೊರಗೆ ಬರೋವರೆಗೂ ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ.”

“ಹಾಗಾದ್ರೆ ಸತ್ತ.”

ಅವನು ನೀರು ಕುಡಿದ. ಇಷ್ಟು ತರ್ಕ ಕಲಿಸಲು ಕಾಲೇಜಿನಲ್ಲಿ ಒಂದು ವರ್ಷ ತಿಣುಕಬೇಕಾಗುತ್ತಿತ್ತು.

ಅವಳು ಅಳಲಿಲ್ಲ. ನೀಲಿ ಪೆನ್ಸಿಲನ್ನು ಕೆಳಗಿಟ್ಟಳು. “ಅಪ್ಪಾ, ಇಲ್ಲಿ ಕೂತ್ಕೋ.”

ಅಪ್ಪಾ ಎಂದು ಕರೆಸಿಕೊಂಡು ಎಷ್ಟೋ ಕಾಲವಾಗಿತ್ತು. ಅವನು ಚಪ್ಪಲಿಯನ್ನೂ ಬಿಡದೆ ಎದುರಿನ ಕುರ್ಚಿಯಲ್ಲಿ ಕೂತ.

“ಒಂದು ಕೇಳ್ಬೇಕಿತ್ತು.”

“ಕೇಳು ಪುಟ್ಟಿ.”

“ನಿನ್ನ ಹತ್ರ ಅಲ್ಲ. ಅಜ್ಜನ ಹತ್ರ. ಆಮೇಲೆ ಕೇಳೋಕಾಗಲ್ವಲ್ಲ.”

ಅವಳು ಕಣ್ಣು ಮುಚ್ಚಿಕೊಂಡಳು. ತಮಾಷೆಗಿರಬಹುದೆಂದು ಅವನು ಸ್ವಲ್ಪ ಕಾದ. ತಮಾಷೆಯಾಗಿರಲಿಲ್ಲ. ಗಲ್ಲ ಎದೆಗೆ ಒತ್ತಿದ. “ಹೇಳು ಮಗಳೇ,” ಎಂದ.

ಮಗಳ ಹುಬ್ಬು ಸಡಿಲವಾಯಿತು. ಭುಜ ಇಳಿಯಿತು. ಕೂಡಲೇ ಅವಳ ಅಮ್ಮನ ಮುಖ ಅಲ್ಲಿ ಬಂದು ಕೂತಿತು.

“ಅಜ್ಜ, ಚಿಕ್ಕಮ್ಮ ಅವರ ಮನೇಲೇ ಬಂದಿರು ಅಂತಿದಾಳೆ. ನಂಗೆ ಹೋಗ್ಬೇಕು ಅನ್ಸುತ್ತೆ. ಅಪ್ಪಂಗೆ ಹೇಗೆ ಹೇಳೋದು?”



“ಅಪ್ಪ ಬೈತಾನಾ?” ಎಂದಿತು ಮುದುಕನ ಧ್ವನಿ.

“ಇಲ್ಲ. ಏನೂ ಅನ್ನಲ್ಲ ಅವನು. ಅಮ್ಮ ಸತ್ತಾಗ್ಲೂ ಏನೂ ಅನ್ನಲಿಲ್ಲ. ಅದಕ್ಕೇ.”

ಹೋಗಬೇಡ. ಎರಡೇ ಹೆಜ್ಜೆ ದೂರದಲ್ಲಿದ್ದ ಮಗಳಿಗೆ ಹೇಳಬೇಕಾದದ್ದು ಒಂದೇ ಮಾತು. ಯಾರ ಧ್ವನಿಯಲ್ಲಿ ಹೇಳುವುದು? ಆ ಮುದುಕ ಆರು ಸಂಪುಟಗಳಲ್ಲಿ ಯಾರನ್ನೂ ತಡೆದವನಲ್ಲ. ಅವನ ಬಾಯಲ್ಲಿ ಹೇಳಿದರೆ ಕಳ್ಳತನ. ತನ್ನ ಧ್ವನಿಯಲ್ಲಿ ಹೇಳಿದರೆ ಅವಳು ಕಣ್ಣು ತೆರೆಯುತ್ತಾಳೆ. ಕಣ್ಣು ತೆರೆದರೆ ಮತ್ತೆ ಹೂಂ, ಉಹೂಂ.

“ಮಾತಾಡು ಅಜ್ಜ.”

ಬಾಯಿ ತೆರೆದ. ಯಾರೋ ಬರೆದುಕೊಟ್ಟದ್ದನ್ನು ಓದಿ ಓದಿ ಒಳಗೆ ಸ್ವಂತದ್ದೇನೂ ಉಳಿದಿರಲಿಲ್ಲವೋ, ಇದ್ದದ್ದು ಮೇಲೆ ಬರಲಿಲ್ಲವೋ. ಮಗಳ ರೆಪ್ಪೆ ಅದುರತೊಡಗಿತು. ಇನ್ನೊಂದು ಕ್ಷಣ ಸುಮ್ಮನಿದ್ದರೆ ತೆರೆದುಬಿಡುತ್ತಿತ್ತು. ಮೇಜಿನ ಮೇಲೆ ಅವನು ಗಂಟಲಿಗೆಂದು ಕುಡಿಯುತ್ತಿದ್ದ ಔಷಧದ ಬಾಟಲಿ ಇತ್ತು. ಅದನ್ನು ಕೈಗೆತ್ತಿಕೊಂಡು, ಮೇಲಂಟಿಸಿದ್ದ ಚೀಟಿಯನ್ನು ಕಣ್ಣ ಹತ್ತಿರ ತಂದ.

“ಕುಡಿಯುವ ಮೊದಲು ಚೆನ್ನಾಗಿ ಅಲುಗಾಡಿಸಬೇಕು ಮಗಳೇ,” ಎಂದ. ಧ್ವನಿ ಅದ್ಭುತವಾಗಿ ಬಂತು. ಬೆಳಗ್ಗೆ ಒಮ್ಮೆಯೂ ಹೀಗೆ ಬಂದಿರಲಿಲ್ಲ. “ತಂಪಾದ ಜಾಗದಲ್ಲಿ, ಬೆಳಕು ಬೀಳದ ಕಡೆ ಇಡಬೇಕು. ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು.”

ಅವಳಿಗೆ ಗೊತ್ತಾಯಿತೋ ಇಲ್ಲವೋ. ಮೆಲ್ಲಗೆ ತಲೆಯಾಡಿಸಿದಳು. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿದು, ಅರ್ಧ ಬಣ್ಣ ತುಂಬಿದ್ದ ಸಮುದ್ರದ ಮೇಲೆ ಬಿತ್ತು.

“ಆಮೇಲೆ?” ಎಂದಳು.

ಅವನು ಬಾಟಲಿಯನ್ನು ತಿರುಗಿಸಿದ. ಹಿಂಬದಿಯ ಅಕ್ಷರಗಳು ಇನ್ನೂ ಸಣ್ಣವಾಗಿದ್ದವು.